ನೀರನ್ನು ಓದುವ ಪಾಠ

ಕೃಷ್ಣೆಯ ಮಗ್ಗುಲಲ್ಲಿ ಬೆಳೆಯುವ ಸಾಂಗಲಿ-ಮಿರಜಗಳ ಮಕ್ಕಳಿಗೆ ನೀರಿನ ಪಾಠವೇಕೆಂದು ಪಾಲಕರು ಕೇಳಬಹುದು. ಎರಡು ಸಂಗತಿಗಳನ್ನು ನೆನೆಯೋಣ. 2016ನೆಯ ಇಸವಿಯ ಏಪ್ರಿಲಿನಲ್ಲಿ, ಬರದಿಂದ ಬಾಯಾರಿದ ಲಾತೂರಿಗೆ ನಮ್ಮ ಮಿರಜದಿಂದಲೇ ನೀರಿನ ರೈಲುಗಾಡಿ ಹೊರಟಿತು. ಮೊದಲ ಗಾಡಿಯಲ್ಲಿ ಸುಮಾರು 5 ಲಕ್ಷ ಲೀಟರು ನೀರಿತ್ತು. ಮೂರೇ ವರ್ಷಗಳ ತರುವಾಯ, 2019ರ ಆಗಸ್ಟಿನಲ್ಲಿ, ಕೃಷ್ಣೆಯು ಸಾಂಗಲಿಯ ಆಯರ್ವಿನ್ ಸೇತುವೆಯ ಬಳಿ 45 ಅಡಿಯ ಅಪಾಯಮಟ್ಟವನ್ನು ಮೀರಿ 57 ಅಡಿಗೇರಿ ಮನೆ-ಅಂಗಡಿಗಳನ್ನು ಹೊಕ್ಕಳು.

ಇವೆರಡೂ ಒಂದೇ ಪಾಠದ ಎರಡು ಪುಟಗಳು. ಗಾಳಿಯ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ, ಅದು ಸುಮಾರು ಶೇಕಡಾ 7ರಷ್ಟು ಹೆಚ್ಚು ಆವಿಯನ್ನು ಹಿಡಿಯಬಲ್ಲದು. ಆದುದರಿಂದ ಲೋಕದ ಬಿಸಿ ಏರಿದಂತೆ ನೆಲ ಬೇಗ ಒಣಗುವುದು. ಮಳೆ ಬಂದಾಗ ಒಮ್ಮೆಲೆ ಸುರಿಯುವುದು.

ಪರಿಸರವನ್ನು ಶಾಲೆಗಳಲ್ಲಿ ಕಡ್ಡಾಯವಾಗಿ ಕಲಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 1991ರಲ್ಲಿಯೇ ಆದೇಶಿಸಿತು. ಆದರೂ ಮಹಾಪೂರ ಬಂದ ವರ್ಷ, ‘ಪರಿಸರ’ದ ವ್ಯಾಖ್ಯೆಯನ್ನು ತಪ್ಪಿಲ್ಲದೆ ಒಪ್ಪಿಸಿದ ನಮ್ಮ ವಿದ್ಯಾರ್ಥಿಗಳಿಗೆ 45 ಅಡಿಯೆಂದರೇನೆಂದು ತಿಳಿದಿರಲಿಲ್ಲ. ಆ ತಪ್ಪು ಮಕ್ಕಳದಲ್ಲ, ಕಲಿಸಿದ ನಮ್ಮದು.

ವಿದ್ಯಾರ್ಥಿಗಳೇ, ಈ ಮಳೆಗಾಲದಲ್ಲಿ ನೇರ ಗೋಡೆಯ ಡಬ್ಬಿಯೊಂದನ್ನು ಬಯಲಲ್ಲಿಡಿರಿ. ಅದರಲ್ಲಿ ನಿಂತ ನೀರಿನ ಆಳವನ್ನು ದಿನವೂ ಬೆಳಿಗ್ಗೆ ಅಳೆದು, ಬರೆದು, ಚೆಲ್ಲಿರಿ. ಒಂದು ಮಿಲಿಮೀಟರು ಮಳೆಯೆಂದರೆ ಚದರ ಮೀಟರಿಗೆ ಒಂದು ಲೀಟರು. 50 ಚದರ ಮೀಟರಿನ ಮಾಳಿಗೆಯ ಮೇಲೆ 20 ಮಿಲಿಮೀಟರು ಬಿದ್ದರೆ ಸಾವಿರ ಲೀಟರು! ಪಾಲಕರು, ಮಹಾಪೂರ ಮುಟ್ಟಿದ ಗುರುತನ್ನು ಗೋಡೆಯ ಮೇಲೆ ಮಕ್ಕಳಿಗೆ ತೋರಿಸಲಿ. ಅಕ್ಷರ ಬಲ್ಲ ಮಗು ಪುಸ್ತಕವನ್ನು ಓದೀತು. ನೀರನ್ನು ಓದಬಲ್ಲ ಮಗು ಸಮಯಕ್ಕೆ ಮನೆಯವರನ್ನು ಎಚ್ಚರಿಸೀತು.