ಕರುಳಿನೊಳಗೆ ಹೊಕ್ಕ ಕರುಳು

ನಿಲುವಂಗಿಯನ್ನು ಅವಸರದಿಂದ ಕಳಚುವಾಗ ತೋಳಿನ ಒಂದು ಭಾಗ ಇನ್ನೊಂದರೊಳಗೆ ಮಡಚಿ ಸೇರಿಕೊಳ್ಳುವುದುಂಟು. ಹಾಗೆಯೇ ಕರುಳಿನ ಒಂದು ತುಂಡು ಅದರ ಮುಂದಿನ ತುಂಡಿನೊಳಗೆ ನುಗ್ಗಿ ಸಿಕ್ಕಿಬೀಳುವ ವ್ಯಾಧಿಯನ್ನು ವೈದ್ಯರು ಇಂಟಸ್ಸಸೆಪ್ಷನ್ ಎನ್ನುತ್ತಾರೆ. ಆಮ್‌ಸ್ಟರ್‌ಡ್ಯಾಮಿನ ಪಾಲ್ ಬಾರ್ಬೆಟ್ 1674ರಲ್ಲಿ ಇದನ್ನು ವರ್ಣಿಸಿದನು. 1871ರಲ್ಲಿ ಲಂಡನ್ನಿನ ಜೊನಾಥನ್ ಹಚಿನ್ಸನ್ ಎರಡು ವರ್ಷದ ಹೆಣ್ಣುಮಗುವಿನ ಹೊಟ್ಟೆಯನ್ನು ತೆರೆದು, ಕರುಳನ್ನು ಬಿಡಿಸಿ, ಅದನ್ನು ಬದುಕಿಸಿದನು.

ಇದು ಬಹುಮಟ್ಟಿಗೆ ಎಳೆಯ ಮಕ್ಕಳ ರೋಗ. ಅವರಲ್ಲಿ ಸಾಮಾನ್ಯವಾಗಿ ನಿರ್ದಿಷ್ಟ ಕಾರಣ ಕಾಣದು. ಗುದದ್ವಾರದಿಂದ ಗಾಳಿಯನ್ನೋ ಉಪ್ಪುನೀರನ್ನೋ ಹದವಾದ ಒತ್ತಡದಲ್ಲಿ ತುಂಬಿದರೆ ಎಷ್ಟೋ ವೇಳೆ ಕರುಳು ತಾನೇ ಹಿಂದೆ ಸರಿಯುತ್ತದೆ. ನೂರು ರೋಗಿಗಳಲ್ಲಿ ವಯಸ್ಕರು ಸುಮಾರು 5 ಮಂದಿ ಮಾತ್ರ. ಆದರೆ ಈ ಐವರ ಕಥೆಯೇ ಬೇರೆ. ಅವರಲ್ಲಿ ಹೆಚ್ಚಿನವರ ಕರುಳಿನಲ್ಲಿ ಒಂದು ಗಡ್ಡೆಯೋ ಅಂಥದೇ ಮತ್ತಾವುದೋ ದೋಷವೋ ಅಡಗಿರುತ್ತದೆ.

ಆಹಾರವನ್ನು ಕೆಳಕ್ಕೆ ತಳ್ಳಲು ಕರುಳು ಅಲೆಯಲೆಯಾಗಿ ಸಂಕೋಚಗೊಳ್ಳುತ್ತದಷ್ಟೆ. ಒಳಗೋಡೆಯಿಂದ ಚಾಚಿದ ಗಡ್ಡೆಯನ್ನು ಅದು ತುತ್ತೆಂದೇ ಬಗೆದು ಮುಂದಕ್ಕೆ ದೂಡುತ್ತದೆ. ಗಡ್ಡೆ ತನ್ನ ಬೇರಿರುವ ಗೋಡೆಯನ್ನೂ, ಆ ಗೋಡೆಗೆ ರಕ್ತವನ್ನೊಯ್ಯುವ ಪೊರೆಯನ್ನೂ ಜೊತೆಗೆಳೆದುಕೊಂಡು ಹೋಗುತ್ತದೆ. ಇಕ್ಕಟ್ಟಿನಲ್ಲಿ ಮೊದಲು ಅಶುದ್ಧ ರಕ್ತನಾಳಗಳು ಅದುಮಲ್ಪಡುತ್ತವೆ, ಕರುಳು ಬಾತುಕೊಳ್ಳುತ್ತದೆ, ಕೊನೆಗೆ ಶುದ್ಧ ರಕ್ತವೂ ನಿಂತು ಆ ಭಾಗ ಕೊಳೆಯತೊಡಗುತ್ತದೆ.

ವಯಸ್ಕರಲ್ಲಿ ಅಪಾಯವು ಮೆಲ್ಲನೆ ಬರುವುದೇ ಮೋಸ. ಹೊಟ್ಟೆ ಹಿಂಡಿದಂತಾಗುವುದು, ವಾಕರಿಕೆ, ಒಮ್ಮೊಮ್ಮೆ ಮಲದಲ್ಲಿ ರಕ್ತ. ಸಿಕ್ಕಿದ ಕರುಳು ತಾನಾಗಿ ಬಿಡಿಸಿಕೊಂಡರೆ ನೋವು ಮಾಯ. ರೋಗಿ ವಾಯುವೆಂದು ಓಮದ ಕಷಾಯ ಕುಡಿದು ಸುಮ್ಮನಾಗುತ್ತಾನೆ; ಗುಣ ಕಂಡದ್ದಕ್ಕೆ ಕಷಾಯವೇ ಕಾರಣವೆಂದೂ ನಂಬುತ್ತಾನೆ! ವಾರಗಳ ಮೇಲೆ ನೋವು ಮರಳುತ್ತದೆ. ಗಡ್ಡೆ ಮಾತ್ರ ಇದ್ದಲ್ಲೇ ಇರುತ್ತದೆ.

ಸಿ.ಟಿ. ಸ್ಕ್ಯಾನಿನಲ್ಲಿ ಈ ಭಾಗ ಅಡ್ಡ ಕೊಯ್ದ ಈರುಳ್ಳಿಯಂತೆ ಉಂಗುರದೊಳಗೆ ಉಂಗುರವಾಗಿ ತೋರುತ್ತದೆ. ಹೀಗೆ ಕಂಡದ್ದೆಲ್ಲ ಗಡ್ಡೆಯಿಂದಲೇ ಆದುದಲ್ಲ. ಸಣ್ಣ ಕರುಳಿನ ಗಿಡ್ಡ ಮಡಿಕೆಗಳು ಕೆಲವೊಮ್ಮೆ ಕ್ಷಣಕಾಲ ಮೂಡಿ ಅಳಿಯುತ್ತವೆ. ಗಡ್ಡೆಯಿದ್ದಾಗ ಸಣ್ಣ ಕರುಳಿನಲ್ಲಿ ಅದು ಕೊಬ್ಬಿನ ಗಂಟಿನಂಥ ನಿರುಪದ್ರವಿಯಾಗಿರುವುದೇ ಹೆಚ್ಚು. ದೊಡ್ಡ ಕರುಳಿನಲ್ಲಾದರೋ ಕ್ಯಾನ್ಸರಿನ ಶಂಕೆ ಬಲವಾದುದು. ಆದುದರಿಂದ ಅಲ್ಲಿ ಶಸ್ತ್ರವೈದ್ಯರು ಸಿಕ್ಕನ್ನು ಎಳೆದು ಬಿಡಿಸಲು ಹೋಗುವುದಿಲ್ಲ. ಎಳೆದರೆ ಕರುಳು ಹರಿಯಬಹುದು, ಕ್ಯಾನ್ಸರಿನ ಕಣಗಳು ಚೆದುರಬಹುದು. ಆ ಭಾಗವನ್ನು ಇಡಿಯಾಗಿ ಕತ್ತರಿಸಿ ತೆಗೆಯುತ್ತಾರೆ. ಸಣ್ಣ ಕರುಳು ಇನ್ನೂ ಸಜೀವವಾಗಿದ್ದು ಗಡ್ಡೆ ನಿರುಪದ್ರವಿಯೆಂದು ತೋರಿದರೆ ಮೊದಲು ಮೆಲ್ಲಗೆ ಬಿಡಿಸಿ, ಗಡ್ಡೆಯಿರುವಷ್ಟನ್ನೇ ತೆಗೆದು, ಉಳಿದ ಕರುಳನ್ನು ಹೊಲಿದು ಕೂಡಿಸುವುದುಂಟು.