ಟೇಕ್ವಾಂಡೋದ ಐದು ತತ್ವಗಳು: ಕಪ್ಪುಹಲಗೆಯ ಮೇಲೆ ಯಾವ ಕನ್ನಡ ಪದ ಬರೆಯಬೇಕು?

ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ಶಾಲೆಗಳಿಗೆ ಅಭ್ಯಾಸ ಬೋಧನೆಗೆ ಹೋಗುವ ಪ್ರಶಿಕ್ಷಣಾರ್ಥಿಗಳಿಗೆ ಆತ್ಮರಕ್ಷಣೆಯ ತರಗತಿ ಹೊಸದೇನಲ್ಲ. ಸಮಗ್ರ ಶಿಕ್ಷಣ ಯೋಜನೆಯಡಿ ಸರ್ಕಾರಿ ಶಾಲೆಗಳ 6ರಿಂದ 12ನೇ ತರಗತಿಯ ಹೆಣ್ಣುಮಕ್ಕಳಿಗೆ ರಾಣಿ ಲಕ್ಷ್ಮೀಬಾಯಿ ಹೆಸರಿನ ಮೂರು ತಿಂಗಳ ತರಬೇತಿ ಇದೆ. ವಸತಿ ಶಾಲೆಗಳ ತರಬೇತಿಗೆ ನಮ್ಮ ದುರ್ಗದ ಓಬವ್ವನದೇ ಹೆಸರು. ತರಬೇತುದಾರರು ಕರಾಟೆ, ಜೂಡೋ, ಟೇಕ್ವಾಂಡೋಗಳಲ್ಲಿ ತಾವು ಬಲ್ಲದ್ದನ್ನು ಕಲಿಸುತ್ತಾರೆ. ಟೇಕ್ವಾಂಡೋ ಆದರೆ, ಮಕ್ಕಳು ಸಾಲಾಗಿ ನಿಂತು ಅದರ ಐದು ತತ್ವಗಳನ್ನು ಇಂಗ್ಲಿಷಿನಲ್ಲೇ ಕೂಗಿ ಹೇಳುವುದು ವಾಡಿಕೆ. ಅರ್ಥ ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಒದೆ, ತಡೆಗಳನ್ನು ತರಬೇತುದಾರರು ಕಲಿಸಲಿ. ಆ ಐದು ಮಾತುಗಳ ಅರ್ಥವನ್ನು ಕಲಿಸಬೇಕಾದವರು ತರಗತಿಯ ಶಿಕ್ಷಕರು. 8ನೇ ತರಗತಿಗೆ 40 ನಿಮಿಷಗಳ ಅಂಥದೊಂದು ಪಾಠವನ್ನು ಹೇಗೆ ಯೋಜಿಸಬಹುದು ಎಂಬುದು ಇಲ್ಲಿಯ ವಿಷಯ.

ಮೊದಲು ಶಿಕ್ಷಕರಿಗೆ ಬೇಕಾದ ವಿಷಯಜ್ಞಾನ. ‘ಟೇ’ ಎಂದರೆ ಕಾಲಿನ ಪೆಟ್ಟು, ‘ಕ್ವಾನ್’ ಎಂದರೆ ಮುಷ್ಟಿ, ‘ಡೋ’ ಎಂದರೆ ದಾರಿ. ಜೂಡೋದ ‘ಡೋ’ ಕೂಡ ಇದೇ. ‘ಎರಡು ಸಾವಿರ ವರ್ಷಗಳ ಪ್ರಾಚೀನ ಕಲೆ’ ಎಂದು ಪಾಠಯೋಜನೆಯಲ್ಲಿ ಬರೆಯಬೇಡಿ. ಈ ಹೆಸರು ಬಳಕೆಗೆ ಬಂದದ್ದು 1955ರಲ್ಲಿ, ಕೊರಿಯಾದ ಸೇನಾಧಿಕಾರಿ ಚೋಯ್ ಹೊಂಗ್ ಹಿ ಅವರ ಪ್ರಯತ್ನದಿಂದ. 1945ರಲ್ಲಿ ಜಪಾನಿನ ಆಳ್ವಿಕೆ ಮುಗಿದ ಮೇಲೆ ಸೋಲ್ ನಗರದಲ್ಲಿ ನಡೆಯುತ್ತಿದ್ದ ಕಲಿಕೆಯ ಮನೆಗಳಲ್ಲಿ ಇದು ರೂಪುಗೊಂಡಿತು. ಕರಾಟೆಯ ಪ್ರಭಾವ ಅದರಲ್ಲಿ ಸಾಕಷ್ಟಿದೆ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಪದಕದ ಕ್ರೀಡೆಯಾಯಿತು.

ಹಳೆಯದೆಂದರೆ ಅದು ನೆನೆಯುವ ನೀತಿ. ಸಿಲ್ಲಾ ರಾಜ್ಯದ ಇಬ್ಬರು ತರುಣರು ವೊನ್‌ಗ್ವಾಂಗ್ ಎಂಬ ಬೌದ್ಧ ಭಿಕ್ಷುವಿನ ಬಳಿ ಹೋಗಿ, ಬಾಳಿಗೆ ಒಂದು ನಿಯಮ ಹೇಳಿ ಎಂದು ಕೇಳಿಕೊಂಡ ಪ್ರಸಂಗ 1145ರ ‘ಸಮ್‌ಗುಕ್ ಸಗಿ’ ಎಂಬ ಚರಿತ್ರೆಯಲ್ಲಿದೆ. ಭಿಕ್ಷು ಐದು ಹೇಳಿದ: ದೊರೆಗೆ ನಿಷ್ಠೆ, ಹೆತ್ತವರಲ್ಲಿ ಭಕ್ತಿ, ಗೆಳೆಯರಲ್ಲಿ ನಂಬಿಕೆ, ಯುದ್ಧದಲ್ಲಿ ಹಿಂಜರಿಯದಿರುವುದು, ಜೀವ ತೆಗೆಯುವಾಗ ವಿವೇಚನೆ. ಮೊದಲ ನಾಲ್ಕು ತರುಣರಿಗೆ ತಿಳಿಯಿತು, ಐದನೆಯದು ತಿಳಿಯಲಿಲ್ಲ. ಆಗ ಆತ ಬಿಡಿಸಿ ಹೇಳಿದ. ವಸಂತ, ಬೇಸಿಗೆಗಳಲ್ಲಿ ಕೊಲ್ಲಬೇಡಿ. ಸಾಕಿದ ಎತ್ತು, ಕುದುರೆ, ಕೋಳಿ, ನಾಯಿಗಳನ್ನು ಕೊಲ್ಲಬೇಡಿ. ಒಂದು ತುತ್ತಿಗೂ ಸಾಲದ ಸಣ್ಣ ಜೀವಗಳನ್ನು ಕೊಲ್ಲಬೇಡಿ. ಅಗತ್ಯ ಮೀರಿ ಕೊಲ್ಲಬೇಡಿ. ಕುರಿ, ಕೋಳಿ ಸಾಕುವ ಮನೆಗಳಿಂದ ಬಂದ ಮಕ್ಕಳಿಗೆ ಈ ಪ್ರಸಂಗ ಚೆನ್ನಾಗಿ ಹಿಡಿಸುತ್ತದೆ. ಪೀಠಿಕೆಯಲ್ಲಿ ಐದು ನಿಮಿಷ ಇದಕ್ಕೇ ಕೊಡಿ.

ಇನ್ನು ಇಂದಿನ ಐದು ತತ್ವಗಳು. ತರಬೇತಿ ಪುಸ್ತಕದ ಇಂಗ್ಲಿಷನ್ನು ನಿಘಂಟು ನೋಡಿ ಕನ್ನಡಕ್ಕೆ ತಂದರೆ ‘ಸೌಜನ್ಯ, ಸಮಗ್ರತೆ, ಪರಿಶ್ರಮ, ಸ್ವನಿಯಂತ್ರಣ, ಅದಮ್ಯ ಚೇತನ’ ಎಂದಾಗುತ್ತದೆ. ಮಕ್ಕಳ ಪಾಲಿಗೆ ಇದೂ ಇಂಗ್ಲಿಷೇ. ಮೂಲ ಪದಗಳಿಗೆ ಹೋದರೆ ದಾರಿ ಸುಲಭ. ಮೂರನೆಯದಾದ ‘ಇನ್ನೇ’ ಎಂದರೆ ತಾಳಿಕೊಳ್ಳುವುದು. ಮೊಳಕಾಲ್ಮೂರಿನ ಮಗ್ಗದ ಮನೆಯ ಹುಡುಗಿಗೆ ಇದನ್ನು ವಿವರಿಸಬೇಕಿಲ್ಲ. ಎಳೆ ಹರಿದರೆ ಅಪ್ಪ ಏನು ಮಾಡುತ್ತಾರೆ ಎಂದು ಕೇಳಿ, ಅವಳೇ ಹೇಳುತ್ತಾಳೆ. ನಾಲ್ಕನೆಯದಾದ ‘ಗುಕ್‌ಗಿ’ ತನ್ನನ್ನು ತಾನು ಗೆಲ್ಲುವುದು. ಐದನೆಯದು ನೂರು ಸಲ ಮುರಿದರೂ ಬಗ್ಗದಿರುವುದು. ‘ಕೆಚ್ಚು’ ಎಂದು ಬರೆದರೆ ಸಾಕು.

ಕಷ್ಟವಿರುವುದು ಮೊದಲ ಎರಡರಲ್ಲಿ. ಎರಡನೆಯದಾದ ‘ಯೋಮ್‌ಚಿ’ಯನ್ನು ಪ್ರಾಮಾಣಿಕತೆ ಎನ್ನುತ್ತೇವೆ, ಆದರೆ ಆ ಪದದ ಒಳಗಿರುವುದು ನಾಚಿಕೆ. ತಪ್ಪು ಮಾಡಿದಾಗ ಒಳಗೆ ಚುಚ್ಚುವ ನಾಚಿಕೆ ಅದು. ‘ನಾಚಿಕೆ’ ಎಂದು ಹಲಗೆಯ ಮೇಲೆ ಬರೆದು ಬಿಟ್ಟರೆ ನಮ್ಮ ಹೆಣ್ಣುಮಕ್ಕಳು ಏನೆಂದು ತಿಳಿದುಕೊಳ್ಳುತ್ತಾರೆ? ತಲೆ ತಗ್ಗಿಸು, ಜೋರಾಗಿ ನಗಬೇಡ, ನಡೆದದ್ದನ್ನು ಯಾರಿಗೂ ಹೇಳಬೇಡ. ಬಸ್ಸಿನಲ್ಲಿ ಯಾರೋ ಮೈ ಮುಟ್ಟಿದರೆ ನಾಚಿಕೊಳ್ಳುವವಳು ಹುಡುಗಿ, ಮುಟ್ಟಿದವನಲ್ಲ. ಆದ್ದರಿಂದ ಪದದ ಕೆಳಗೆ ಒಂದು ಪ್ರಶ್ನೆಯನ್ನೂ ಬರೆಯಿರಿ: ‘ನಾಚಿಕೆಪಡಬೇಕಾದವರು ಯಾರು?’ ನನ್ನ ಮಟ್ಟಿಗೆ ಇಡೀ ಪಾಠದ ತಿರುಳು ಇದೇ. ಹತ್ತು ನಿಮಿಷ ಹೋದರೂ ಅವಸರ ಮಾಡಬೇಡಿ.

ಮೊದಲನೆಯದು ವಿನಯ. ತರಗತಿಯಲ್ಲಿ ಗುರುವಿಗೆ, ಎದುರಾಳಿಗೆ ಬಾಗಿ ವಂದಿಸುವುದು ಇದರ ರೂಪ. ಗರಡಿಗೆ ಕಾಲಿಡುವ ಮುನ್ನ ಮಣ್ಣು ಮುಟ್ಟಿ ನಮಸ್ಕರಿಸುವ, ಜೋಡಿಗೆ ಕೈ ಕೊಟ್ಟು ಕುಸ್ತಿಗೆ ಇಳಿಯುವ ಪದ್ಧತಿ ನಮ್ಮಲ್ಲೂ ಇರುವುದರಿಂದ ಹೋಲಿಕೆ ಸುಲಭ. ಆದರೆ ಟೇಕ್ವಾಂಡೋ ವಿದ್ಯಾರ್ಥಿಯ ಪ್ರತಿಜ್ಞೆಯಲ್ಲಿ ಗುರುಗಳನ್ನೂ ಹಿರಿಯರನ್ನೂ ಗೌರವಿಸುತ್ತೇನೆ ಎಂಬ ಮಾತಿದೆ. ಪ್ರಶಿಕ್ಷಣಾರ್ಥಿಗಳು ಇದನ್ನು ‘ದೊಡ್ಡವರು ಹೇಳಿದ ಹಾಗೆ ಕೇಳಬೇಕು’ ಎಂದು ಬಿಡಿಸುವುದನ್ನು ಪಾಠ ವೀಕ್ಷಣೆಯಲ್ಲಿ ಹಲವು ಸಲ ಕಂಡಿದ್ದೇನೆ. ಅದು ವಿಧೇಯತೆ. ವಿನಯ ಬೇರೆ. ಓದು ಬಿಡಿಸಿ ಮದುವೆ ಮಾಡಲು ಹೊರಟ ಹಿರಿಯರ ಮುಂದೆ ‘ನಾನು ಓದ್ತೀನಿ, ಈಗ ಬ್ಯಾಡ’ ಎನ್ನುವ ಹುಡುಗಿ ಅವಿನಯ ತೋರಿದಳೇ? ಅದೇ ಪ್ರತಿಜ್ಞೆಯಲ್ಲಿ ನ್ಯಾಯದ ಪರ ನಿಲ್ಲುತ್ತೇನೆ ಎಂಬ ಮಾತೂ ಇದೆಯಲ್ಲ. ಎರಡನ್ನೂ ಅಕ್ಕಪಕ್ಕ ಬರೆದು ಮಕ್ಕಳಿಂದಲೇ ಉತ್ತರ ಹೊರಡಿಸಬೇಕು.

ಇಂಥ ಪ್ರಶ್ನೆ ಎತ್ತಿದ ಮೇಲೆ ಯಾವುದಾದರೂ ಮಗು ಬಿಡುವಿನಲ್ಲಿ ಬಂದು ತನ್ನ ಕಷ್ಟ ಹೇಳಿಕೊಳ್ಳಬಹುದು. ಸಿದ್ಧರಿಲ್ಲದೆ ಈ ಪಾಠಕ್ಕೆ ಕೈ ಹಾಕಬೇಡಿ. ಲೈಂಗಿಕ ದೌರ್ಜನ್ಯದ ವಿಷಯ ತಿಳಿದ ಮೇಲೆ ವರದಿ ಮಾಡುವುದು 2012ರ ಪೋಕ್ಸೊ ಕಾಯ್ದೆಯಂತೆ ಕಡ್ಡಾಯ. 1098 ಮಕ್ಕಳ ಸಹಾಯವಾಣಿ ಹಲಗೆಯ ಮೂಲೆಯಲ್ಲಿ ಪಾಠ ಮುಗಿಯುವವರೆಗೂ ಇರಲಿ. ಮುಖ್ಯ ಶಿಕ್ಷಕರೊಂದಿಗೆ ಹಿಂದಿನ ದಿನವೇ ಮಾತಾಡಿ.

ಚಟುವಟಿಕೆ ಒಂದೇ ಸಾಕು. ಇಬ್ಬಿಬ್ಬರ ಜೋಡಿ ಮಾಡಿ. ಒಬ್ಬಳು ನೋಟ್‌ಪುಸ್ತಕವನ್ನು ಮುಖದಿಂದ ದೂರಕ್ಕೆ ಚಾಚಿ ಹಿಡಿಯಲಿ, ಇನ್ನೊಬ್ಬಳು ಪೂರ್ತಿ ವೇಗದಲ್ಲಿ ಅಂಗೈ ಚಾಚಿ ಪುಸ್ತಕಕ್ಕೆ ಒಂದು ಗೇಣು ಇರುವಾಗ ನಿಲ್ಲಿಸಲಿ. ಮೊದಲ ಸಲ ಬಹುತೇಕ ಕೈಗಳು ಪುಸ್ತಕಕ್ಕೆ ತಾಗುತ್ತವೆ. ನಗು, ಗದ್ದಲ ಸಹಜ. ನಾಲ್ಕೈದು ಸಲ ಆದ ಮೇಲೆ ಕೇಳಿ: ಹೊಡೆಯುವುದು ಕಷ್ಟವೋ, ನಿಲ್ಲಿಸುವುದೋ? ‘ಗುಕ್‌ಗಿ’ಯ ವಿವರಣೆ ಆಮೇಲೆ ಬರಲಿ. ಗಂಡುಮಕ್ಕಳಿರುವ ತರಗತಿಯಲ್ಲಿ ಅವರನ್ನು ಹೊರಗೆ ಕಳಿಸಬೇಡಿ. ಗೇಣು ದೂರದಲ್ಲಿ ಕೈ ನಿಲ್ಲಿಸಲು ಅವರೂ ಕಲಿಯಬೇಕು.

ಮೌಲ್ಯಮಾಪನಕ್ಕೆ ‘ಐದು ತತ್ವಗಳನ್ನು ಪಟ್ಟಿ ಮಾಡಿ’ ಎಂಬ ಪ್ರಶ್ನೆ ಬೇಡ. ಸನ್ನಿವೇಶ ಕೊಡಿ. ಚಿತ್ರದುರ್ಗದ ಮಕ್ಕಳಿಗೆ ಓಬವ್ವನಿಗಿಂತ ಒಳ್ಳೆಯ ಸನ್ನಿವೇಶ ಎಲ್ಲಿದೆ? ಹೈದರಾಲಿಯ ಮುತ್ತಿಗೆಯ ಕಾಲ. ಕಾವಲುಗಾರ ಗಂಡ ಊಟಕ್ಕೆ ಕೂತಿದ್ದಾಗ, ನೀರಿಗೆ ಹೋದವಳು ಕಿಂಡಿಯಲ್ಲಿ ನುಸುಳುತ್ತಿದ್ದ ಸೈನಿಕರನ್ನು ಒನಕೆಯಿಂದ ಹೊಡೆದ ಕಥೆ ಎಲ್ಲರಿಗೂ ಬಾಯಿಪಾಠ. ಕೇಳಬೇಕಾದದ್ದು ಇಷ್ಟು: ವೊನ್‌ಗ್ವಾಂಗ್ ಭಿಕ್ಷುವಿನ ಐದನೇ ಮಾತನ್ನು ಓಬವ್ವ ಮೀರಿದಳೇ, ಪಾಲಿಸಿದಳೇ? ಸೈನಿಕರು ಬೆನ್ನು ತೋರಿಸಿ ಓಡುತ್ತಿದ್ದರೆ ಅವಳು ಒನಕೆ ಎತ್ತಬಹುದಿತ್ತೇ? ಮಕ್ಕಳ ಉತ್ತರಗಳು ಎರಡು ಕಡೆಗೂ ಹೋಗುತ್ತವೆ. ಅಂಕ ಕೊಡಬೇಕಾದದ್ದು ಉತ್ತರಕ್ಕಲ್ಲ, ಅದಕ್ಕೆ ಕೊಟ್ಟ ಕಾರಣಕ್ಕೆ. ವೀಕ್ಷಣೆಗೆ ಕೂತ ಉಪನ್ಯಾಸಕರು ಷರಾ ಬರೆಯುವಾಗ, ಹಿಂದಿನ ಬೆಂಚಿನ ಹುಡುಗಿಯರಲ್ಲಿ ಎಷ್ಟು ಮಂದಿ ಎದ್ದು ನಿಂತು ಮಾತಾಡಿದರು ಎಂಬುದನ್ನೂ ಎಣಿಸಿ ಬರೆಯಲಿ.