ಗಣಿತದಲ್ಲಿ ನೆರವು ಕೇಳುವ ಬಗೆ

ಗಣಿತವೆಂದರೆ ಒಬ್ಬರೇ ಕುಳಿತು ಮಾಡಬೇಕಾದ ತಪಸ್ಸೆಂಬ ಭಾವನೆ ನಮ್ಮ ವಿದ್ಯಾರ್ಥಿಗಳಲ್ಲಿ ಬೇರೂರಿದೆ. ಲೆಕ್ಕ ಬಾರದಿದ್ದರೆ ಹಣೆಬರಹವೆಂದು ಪುಸ್ತಕ ಮುಚ್ಚುವವರುಂಟು. ಗೆಳೆಯರ ನೋಟುಬುಕ್ಕಿನಿಂದ ಉತ್ತರವನ್ನು ಇಳಿಸಿಕೊಂಡು ನೆಮ್ಮದಿ ಪಡುವವರೂ ಉಂಟು. ಇವೆರಡರ ನಡುವೆ ಇನ್ನೊಂದು ದಾರಿಯಿದೆ. ಸರಿಯಾಗಿ ರೂಪಿಸಿದ ಪ್ರಶ್ನೆಯನ್ನು ಬಲ್ಲವರಲ್ಲಿ ಕೇಳುವುದೇ ಆ ದಾರಿ. ಸಕಲೇಶಪುರ, ಆಲೂರುಗಳ ಬೆಟ್ಟದ ಊರುಗಳಿಂದ ಬರುವ ನಮ್ಮಂಥವರಿಗೆ ಇದು ತೀರ ಅಗತ್ಯ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲೇರಿದ್ದು ನಾನೇ ಮೊದಲು. ಸಂಜೆ ಲೆಕ್ಕ ನಿಂತುಹೋದರೆ ಪಕ್ಕದ ಕೋಣೆಯಲ್ಲಿ ಕೇಳಲು ಓದಿದವರು ಯಾರೂ ಇಲ್ಲ. ಇಂಥ ಮನೆಗಳ ಎಷ್ಟೋ ಮಂದಿ ಗಣಿತವನ್ನು ಬಿಟ್ಟುಬಿಡುವುದು ಬುದ್ಧಿ ಸಾಲದೆ ಅಲ್ಲ, ಕೇಳಲು ಸಂಕೋಚಪಟ್ಟು.

ಆದುದರಿಂದ ನೆರವು ಕೇಳುವ ಬಗೆಯನ್ನು ಒಂದು ನಿಜವಾದ ಪ್ರಶ್ನೆಯ ಮೂಲಕವೇ ಇಲ್ಲಿ ವಿವರಿಸಲು ಯತ್ನಿಸುತ್ತೇನೆ.

ಅರ್ಥಶಾಸ್ತ್ರ ಹಾಗೂ ಸಂಖ್ಯಾಶಾಸ್ತ್ರ ಓದುವ ನಮಗೆಲ್ಲ ‘ಚಲಿಸುವ ಸರಾಸರಿ’ ಪರಿಚಿತವೇ. ಮೂರು ವರ್ಷದ ಅಂಕಿಗಳನ್ನು ಕೂಡಿ ಮೂರರಿಂದ ಭಾಗಿಸಿ ನಡುವಿನ ವರ್ಷದ ಎದುರಿಗೆ ಬರೆಯುತ್ತೇವೆ. ಅನಂತರ ಒಂದು ವರ್ಷ ಮುಂದೆ ಸರಿಯುತ್ತೇವೆ. ಏರಿಳಿತ ಅಡಗಿ ಒಟ್ಟು ಪ್ರವೃತ್ತಿ ಕಾಣಿಸುತ್ತದೆಂದು ಪುಸ್ತಕ ಹೇಳುತ್ತದೆ. ನಾನು ಇದನ್ನು ಕಾಫಿ ಫಸಲಿಗೆ ಅನ್ವಯಿಸಿ ನೋಡಿದೆ. ಲೆಕ್ಕಕ್ಕಾಗಿ ಕಲ್ಪಿಸಿಕೊಂಡ ಅಂಕಿಗಳಿವು: ಒಂದು ತುಂಡು ತೋಟದಲ್ಲಿ ವರ್ಷವರ್ಷಕ್ಕೆ 9, 3, 9, 3, 9 ಮೂಟೆ. ಒಂಬತ್ತರ ಎದುರಿಗೆ ಬರುವ ಸರಾಸರಿ 3, 9, 3ರದು, ಅಂದರೆ 5. ಮೂರರ ಎದುರಿಗೆ 9, 3, 9ರ ಸರಾಸರಿ, ಅಂದರೆ 7. ಫಸಲು ತುಂಬಿದ ವರ್ಷ ಕಡಿಮೆಯಾಗಿಯೂ ಸೊರಗಿದ ವರ್ಷ ಹೆಚ್ಚಾಗಿಯೂ ಕಾಣಿಸಿತು! ಏರಿಳಿತ ಅಡಗುವುದಿರಲಿ, ತಲೆಕೆಳಗಾಗಿ ನಿಂತಿತು. ಏಕೆ?

ನೆರವಿನ ಮೊದಲ ಭಾಗ ಬಂದದ್ದು ಮನೆಯಿಂದಲೇ. ಹೀಗೆ ಒಂದು ಬಿಟ್ಟು ಒಂದು ವರ್ಷ ಫಸಲು ಬೀಳುವುದುಂಟೇ ಎಂದು ಅಪ್ಪನನ್ನು ಕೇಳಿದೆ. “ಗಿಡ ಒಂದು ವರ್ಷ ಮೈತುಂಬ ಕಾಯಿ ಹೊತ್ತರೆ ಮರುವರ್ಷ ಸುಧಾರಿಸಿಕೊಳ್ಳುತ್ತೆ. ಕಾಯಿ ಹೊತ್ತ ವರ್ಷ ಹೊಸ ರೆಕ್ಕೆ ಎಲ್ಲಿಂದ ಬರಬೇಕು?” ಎಂದರು. ಅರೇಬಿಕಾ ಗಿಡದಲ್ಲಿ ಈ ಗುಣ ಹೆಚ್ಚು. ಮುಂದಿನ ವರ್ಷ ಕಾಯಿ ಬಿಡಬೇಕಾದ ಹೊಸ ಕೊಂಬೆಗೆ ಸಲ್ಲಬೇಕಾದ ಸಾರವನ್ನು ಈ ವರ್ಷದ ಕಾಯಿಯೇ ಹೀರಿಬಿಡುತ್ತದೆ. ಅಂತೂ ಎರಡು ವರ್ಷಕ್ಕೊಂದು ಸುತ್ತು ಎಂಬ ಅಂಶ ಗಟ್ಟಿಯಾಯಿತು. ಓದು ಬಾರದವರಲ್ಲಿಯೂ ಅಂಕಿಗಳ ಅರ್ಥ ಬಲ್ಲವರಿರುತ್ತಾರೆ.

ಎರಡನೆಯ ಭಾಗ ಗಣಿತದ ಅಧ್ಯಾಪಕರಿಂದ. “ಈ ಅಧ್ಯಾಯ ತಿಳಿಯಲಿಲ್ಲ” ಎಂದು ಹೋಗಿದ್ದರೆ ಅವರು ಅಧ್ಯಾಯವನ್ನೇ ಮತ್ತೆ ಹೇಳಬೇಕಾಗುತ್ತಿತ್ತು. ಮೇಲಿನ ಐದು ಅಂಕಿಗಳನ್ನೂ ಎರಡು ಸರಾಸರಿಗಳನ್ನೂ ಒಂದು ಹಾಳೆಯಲ್ಲಿ ಬರೆದು, “ತಲೆಕೆಳಗಾದದ್ದು ಇಲ್ಲಿ” ಎಂದು ಗುರುತು ಹಾಕಿ ಒಯ್ದೆ. ಅವರು ಪಿಯುಸಿಯ ಸೂತ್ರವನ್ನೇ ನೆನಪಿಸಿದರು:

ಕೊಸೈನ್ (ಅ+ಕ) + ಕೊಸೈನ್ (ಅ−ಕ) = 2 × ಕೊಸೈನ್ ಅ × ಕೊಸೈನ್ ಕ.

ಏರಿಳಿತವನ್ನು ಕೊಸೈನ್ ಅಲೆಯೆಂದು ತಿಳಿಯೋಣ. ವರ್ಷಕ್ಕೆ ಅದು ‘ಕ’ ಕೋನದಷ್ಟು ಮುಂದೆ ಸರಿಯಲಿ. ಹಿಂದಿನ ವರ್ಷ, ಈ ವರ್ಷ, ಮುಂದಿನ ವರ್ಷ ಮೂರನ್ನೂ ಕೂಡಿ ಮೂರರಿಂದ ಭಾಗಿಸಿದರೆ ಮೂಲದ ಅಲೆಯೇ (1 + 2 ಕೊಸೈನ್ ಕ) ÷ 3 ಎಂಬ ಅಂಶದಿಂದ ಗುಣಿಸಲ್ಪಟ್ಟು ಹೊರಬರುತ್ತದೆ. ಎರಡು ವರ್ಷಕ್ಕೆ ಒಂದು ಸುತ್ತು ಅಂದರೆ ವರ್ಷಕ್ಕೆ 180 ಡಿಗ್ರಿ. ಆಗ ಕೊಸೈನ್ −1, ಅಂಶ −1/3. ನಮ್ಮ ಲೆಕ್ಕದಲ್ಲಿ ಸರಾಸರಿ 6. ಒಂಬತ್ತು ಅದಕ್ಕಿಂತ 3 ಹೆಚ್ಚು. ಮೂರನ್ನು −1/3ರಿಂದ ಗುಣಿಸಿದರೆ −1; ಆದ್ದರಿಂದ 5 ಬಂತು. ಸುತ್ತು ಮೂರು ವರ್ಷದ್ದಾದರೆ ಕೋನ 120 ಡಿಗ್ರಿ, ಅಂಶ ಸೊನ್ನೆ, ಅಲೆ ಪೂರ್ತಿ ಮಾಯ. ಸುತ್ತು ಬಹು ದೀರ್ಘವಾದರೆ ಅಂಶ ಒಂದರ ಸಮೀಪ, ಅಲೆ ಹಾಗೆಯೇ ಉಳಿಯುತ್ತದೆ.

ಮೂರನೆಯ ಭಾಗ ರಜೆಗೆ ಊರಿಗೆ ಬಂದಿದ್ದ ಇಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬರಿಂದ. “ನೀವು ಸರಾಸರಿ ಅನ್ನುವುದನ್ನೇ ನಾವು ಫಿಲ್ಟರ್ ಅನ್ನುತ್ತೇವೆ” ಎಂದರು ಆ ಅಣ್ಣ. ಯಾವುದೇ ಏರಿಳಿತವನ್ನು ಸೈನ್ ಕೊಸೈನ್ ಅಲೆಗಳ ಮೊತ್ತವಾಗಿ ಬಿಡಿಸಬಹುದೆಂಬ ವಿಚಾರವನ್ನು ಫ್ರಾನ್ಸಿನ ಫೂರಿಯೇ 1822ರ ತನ್ನ ಉಷ್ಣಸಿದ್ಧಾಂತದ ಗ್ರಂಥದಲ್ಲಿ ಮಂಡಿಸಿದನು. ಯಾವ ಅಲೆಯನ್ನು ಉಳಿಸಬೇಕು, ಯಾವುದನ್ನು ಅಡಗಿಸಬೇಕು ಎಂದು ನಿರ್ಧರಿಸುವುದೇ ಸಿಗ್ನಲ್ ಸಂಸ್ಕರಣದ ಒಂದು ಮುಖ್ಯ ಕೆಲಸ. ಹಾಸನದಲ್ಲಿರುವ ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರವು ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳೊಡನೆ ವ್ಯವಹರಿಸುತ್ತದೆ. ಅಷ್ಟು ದೂರದಿಂದ ಬರುವ ಕ್ಷೀಣ ಸಂಕೇತವನ್ನು ಗದ್ದಲದಿಂದ ಬೇರ್ಪಡಿಸುವಲ್ಲಿಯೂ ತಳಹದಿಯ ಗಣಿತ ಈ ಬಗೆಯದೇ.

ಪರಿಹಾರವನ್ನೂ ಅವರೇ ಸೂಚಿಸಿದರು: ನಡುವಿನ ವರ್ಷಕ್ಕೆ ಎರಡು ಪಾಲು, ಅಕ್ಕಪಕ್ಕಕ್ಕೆ ಒಂದೊಂದು ಪಾಲು ಕೊಟ್ಟು ನಾಲ್ಕರಿಂದ ಭಾಗಿಸುವುದು. (3 + 18 + 3) ÷ 4 = 6; (9 + 6 + 9) ÷ 4 = 6. ಎರಡು ವರ್ಷದ ಏರಿಳಿತ ಸಂಪೂರ್ಣ ಅಡಗಿತು. ಇಲ್ಲಿಯ ಅಂಶ (1 + ಕೊಸೈನ್ ಕ) ÷ 2. ಅದು ಎಂದಿಗೂ ಸೊನ್ನೆಗಿಂತ ಕೆಳಗಿಳಿಯದ ಕಾರಣ ತಲೆಕೆಳಗಾಗುವ ಭಯವಿಲ್ಲ. ಫಸಲಿನ ಅಂಕಿ ನೋಡಿ ಸಾಲವನ್ನೋ ಖರ್ಚನ್ನೋ ನಿರ್ಧರಿಸುವವರಿಗೆ ಈ ಭೇದ ಸಣ್ಣದಲ್ಲ.

ಈ ಅನುಭವದಿಂದ ನನಗೆ ತೋರಿದ ನಿಯಮಗಳು ಇವು. ಪ್ರಶ್ನೆಯನ್ನು ಕೈಯಲ್ಲಿ ಲೆಕ್ಕ ಮಾಡುವಷ್ಟು ಚಿಕ್ಕದು ಮಾಡಬೇಕು. ಎಲ್ಲಿಯವರೆಗೆ ಬಂದೆವು, ಎಲ್ಲಿ ನಿಂತೆವು ಎಂಬುದನ್ನು ಬರೆದು ತೋರಿಸಬೇಕು. ಪಠ್ಯ ಇಂಗ್ಲಿಷಿನಲ್ಲಿದ್ದರೂ ಸಂದೇಹವನ್ನು ಕನ್ನಡದಲ್ಲಿ ಕೇಳಲು ನಾಚಬಾರದು. 12ನೆಯ ಶತಮಾನದಲ್ಲಿಯೇ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿ ಬರೆದನಲ್ಲವೇ? ಐಐಟಿ ಮತ್ತು ಐಐಎಸ್‌ಸಿಗಳ ಎನ್‌ಪಿಟಿಇಎಲ್ ಪಾಠಗಳು ಉಚಿತವಾಗಿ ದೊರೆಯುತ್ತವೆ; ಅವನ್ನು ಕೇಳುವಾಗಲೂ ಒಂದು ನಿಶ್ಚಿತ ಪ್ರಶ್ನೆ ಮನಸ್ಸಿನಲ್ಲಿರಬೇಕು. ನೆರವು ದೊರೆತ ಮೇಲೆ ಹಾಳೆ ಮುಚ್ಚಿಟ್ಟು ಲೆಕ್ಕವನ್ನು ಮೊದಲಿನಿಂದ ನಾವೇ ಮಾಡಬೇಕು. ಹಾಗೆ ಬಂದರೆ ಮಾತ್ರ ಅದು ನಮ್ಮದು.

ಕೊನೆಯದಾಗಿ ಒಂದು ಬಿನ್ನಹ. ಅಂತಿಮ ವರ್ಷದ ನಾವು ವಾರಕ್ಕೊಂದು ಗಂಟೆ ಮೊದಲ ವರ್ಷದವರ ಲೆಕ್ಕಗಳಿಗಾಗಿ ಗ್ರಂಥಾಲಯದಲ್ಲಿ ಕುಳಿತರೆ, ಮನೆಯಲ್ಲಿ ಕೇಳಲು ಯಾರೂ ಇಲ್ಲದವರಿಗೆ ಕಾಲೇಜಿನಲ್ಲಾದರೂ ಒಬ್ಬರು ಸಿಕ್ಕಂತಾಗುತ್ತದೆ. ಅಧ್ಯಾಪಕರು ಇದಕ್ಕೆ ಅನುಮತಿ ಕೊಟ್ಟು ಹರಸಬೇಕೆಂದು ಪ್ರಾರ್ಥಿಸುತ್ತೇನೆ.